ನೀಲಿ ಹತ್ತದ ಪೆಟ್ಟಿಗೆ

ತಮನ್‌ರಾಸೆತ್, ತಹಗ್ಗಾರ್ತ್ ಬಡಾವಣೆ
12 ಮಾರ್ಚ್ 2006

ಕಜ್ಜಿ ಒಂಟೆಗೆ,

ಮೊದಲು ಸಲಾಮು ಬರೆಯಬೇಕೆಂದೇ ಕೂತೆ. ಅಷ್ಟರಲ್ಲಿ ನಿನ್ನ ಮುಖ ನೆನಪಾಯಿತು, ಮನಸ್ಸು ಬರಲಿಲ್ಲ. ಬದುಕಿದ್ದೀಯಾ ಅಮೂದ್? ಚಳಿಗೆ ಮುಂಚೆ ಹೋದವನು ಒಂದೇ ಒಂದು ಸಲ ಫೋನು ಮಾಡಿದೆ, ಅದರಲ್ಲೂ ಅರ್ಧ ಹೊತ್ತು ಕೆಮ್ಮಿದೆ. ಇನ್ನು ಮೇಲೆ ಫೋನು ಬೇಡ, ಕಾಗದ ಬರೆ. ಫೋನಿನಲ್ಲಿ ಬೈದರೆ ನಿಮಿಷಕ್ಕೆ ಇಷ್ಟು ಅಂತ ದಂಡ. ಕಾಗದದಲ್ಲಿ ಎಷ್ಟು ಬೈದರೂ ಅಂಚೆಚೀಟಿ ಒಂದೇ. ಸೋದರತ್ತೆಯ ಮಗನನ್ನು ಬೈಯುವುದು ನನಗೆ ಹುಟ್ಟಿನಿಂದ ಬಂದ ಹಕ್ಕು, ಅದನ್ನು ನೆಮ್ಮದಿಯಾಗಿ ಅನುಭವಿಸುವವಳು ನಾನು.

ನಮ್ಮ ಓಣಿಯ ಕೊನೆಯ ಮನೆಯ ಮುದುಕ ಹೋದ ವಾರ ತೀರಿಕೊಂಡ. ನೆನಪಿದೆಯಲ್ಲ, ಅವನೂ ಅವನ ಮಾವನ ಮಗನೂ ಬಾವಿಯ ವಿಷಯಕ್ಕೆ ಕಿತ್ತಾಡಿದ ಮೇಲೆ ಹೇಗೆ ಮಾತಾಡುತ್ತಿದ್ದರು? "ತಾವು ಚೆನ್ನಾಗಿದ್ದೀರಾ, ತಮ್ಮ ಆಡುಗಳು ಚೆನ್ನಾಗಿವೆಯಾ?" ಥೂ. ಆ ಮರ್ಯಾದೆ ಕೇಳಿದಾಗಲೆಲ್ಲ ನಾನು ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದೆ. ಸಾಯುವವರೆಗೂ ಒಂದು ಬೈಗುಳ ವಾಪಸು ಬರಲಿಲ್ಲ ಅವರ ನಡುವೆ. ಹೆಣ ಎತ್ತುವಾಗಲೂ ಆ ಇನ್ನೊಬ್ಬ ದೂರದಲ್ಲೇ ನಿಂತಿದ್ದ.

ಈಗ ವಿಷಯಕ್ಕೆ ಬರುತ್ತೇನೆ. ಅಣ್ಣನ ಮಗಳು ಫಾತ್ನಾಳ ಮದುವೆ ನಿಶ್ಚಯವಾಗಿದೆ. ಈದ್ ಕಳೆದ ಮೇಲೆ, ನವೆಂಬರ್ ಮೊದಲಿಗೆ. ಹುಡುಗ ಪರವಾಗಿಲ್ಲ, ಉಣ್ಣುವಾಗ ಸದ್ದು ಮಾಡುತ್ತಾನೆ ಅನ್ನುವುದೊಂದು ಬಿಟ್ಟರೆ. ಅವಳು ನನ್ನ ಹತ್ತಿರ ಬಂದು ಕೇಳಿದ್ದು ಒಂದೇ. "ತೆಹಿತ್ ಅತ್ತೆ, ಅಪ್ಪ ಅಂತೂ ಬರಲ್ಲ. ಅಪ್ಪನ ಪೆಟ್ಟಿಗೆಯಾದ್ರೂ ಮದುವೇಲಿ ಮಾತಾಡ್ಲಿ."

ಅಣ್ಣ ತೀರಿಕೊಂಡ ತಿಂಗಳೇ ಅವನ ಗಿಟಾರಿನ ಪೆಟ್ಟಿಗೆ, ಆ ಆಂಪ್ಲಿಫೈಯರ್ ಕೂಡ ಬಾಯಿ ಕಟ್ಟಿತಲ್ಲ. "ಫ್ರಾನ್ಸಿನ ಲಿಯೋನಿನಲ್ಲಿ ನನಗೆ ಕೆಲಸ ಸಿಕ್ಕಿರುವುದೇ ಅಂಥ ಪೆಟ್ಟಿಗೆಗಳ ಅಂಗಡಿಯಲ್ಲಿ, ರಿಪೇರಿ ಮಾಡಿಸಿ ತರುತ್ತೇನೆ" ಎಂದು ಎದೆ ತಟ್ಟಿಕೊಂಡು ಹೊತ್ತುಕೊಂಡು ಹೋದವನು ನೀನು. ಎಲ್ಲಿದೆ ಅದು? ಇಲ್ಲಿಯ ಹುಡುಗರ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಕೇಳಿದ್ದೀಯಾ? ಡಬ್ಬಿಯಲ್ಲಿ ನೊಣ ಕೂಡಿಹಾಕಿದ ಹಾಗೆ ಗುಂಯ್‌ಗುಡುತ್ತವೆ. ಅಂಥದ್ದನ್ನು ಅಣ್ಣನ ಮಗಳ ಮದುವೆಗೆ ತಂದರೆ ನಾನು ಎದ್ದು ಹೋಗುತ್ತೇನೆ.

ಮದುವೆಗೆ ಮುಂಚೆ ಪೆಟ್ಟಿಗೆ ಬರಬೇಕು. ಜೊತೆಗೆ ನೀನೂ ಬಾ, ಬಂದರೆ ಯಾರೂ ಗಮನಿಸುವುದಿಲ್ಲ.

ನಿನ್ನ ಮಾವನ ಮಗಳು,
ತೆಹಿತ್


ಲಿಯೋನ್
2 ಏಪ್ರಿಲ್ 2006

ಕೆಮ್ಮುವ ಮೇಕೆಗೆ,

ನಿನ್ನ ಕಾಗದ ಓದಿ ಮೂರು ಸಲ ಕೈ ತೊಳೆದುಕೊಂಡೆ. ನಾನು ಬದುಕಿದ್ದೇನೆ. ಕೆಮ್ಮು ನನ್ನ ಕೆಲಸದ್ದು.

ಅಂಗಡಿಯಲ್ಲಿ ಏನು ಕೆಲಸ ಎಂದು ಊರಿನಲ್ಲಿ ಯಾರಿಗೂ ಹೇಳಿಲ್ಲ. ನೀನು ನಗುತ್ತೀಯೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಇಲ್ಲಿ ಹಳೆಯ ಕಾಲದ ಮಾದರಿಯ ಸಣ್ಣ ಪೆಟ್ಟಿಗೆಗಳನ್ನು ಕಟ್ಟುತ್ತಾರೆ, ಅದೇ ಗಾಜಿನ ವಾಲ್ವು, ಅದೇ ಎರಡು ಗುಂಡಿ, ಅದೇ ಒರಟು ಬಟ್ಟೆಯ ಹೊದಿಕೆ. ಕೊಳ್ಳುವವರು ಹಲ್ಲಿನ ಡಾಕ್ಟರು, ವಕೀಲರು. ಅವರಿಗೆ ಪೆಟ್ಟಿಗೆ ಹೊಸದಾಗಿ ಕಂಡರೆ ಬೇಡ. ನಲವತ್ತು ವರ್ಷ ಹೆಂಡದಂಗಡಿಯಲ್ಲಿ ಬಿದ್ದು ಬಂದ ಹಾಗಿರಬೇಕು. ಆ ಕೊಳೆ ಬಳಿಯುವ ಕೋಣೆ ನನ್ನದು. ಹೊಚ್ಚ ಹೊಸ ಪೆಟ್ಟಿಗೆಗೆ ಟೀ ಬಣ್ಣ ಬಳಿಯುತ್ತೇನೆ, ಮೂಲೆಗಳಿಗೆ ಸಿಗರೇಟಿನ ಬೂದಿ ತಿಕ್ಕುತ್ತೇನೆ, ಸರಪಳಿಯಲ್ಲಿ ಬಡಿಯುತ್ತೇನೆ, ಕೊನೆಗೆ ಎಲ್ಲವೂ ಉದುರದ ಹಾಗೆ ಅರಗಿನೆಣ್ಣೆ ಹಚ್ಚುತ್ತೇನೆ. ನಮ್ಮಪ್ಪ ಮರುಭೂಮಿಯಲ್ಲಿ ಮೈಕೊಳೆ ತೊಳೆಯಲು ನೀರು ಸಾಲದೆ ಬದುಕಿದ. ಮಗ ಕೊಳೆ ಹಚ್ಚಿ ಹೊಟ್ಟೆ ಹೊರೆಯುತ್ತಿದ್ದಾನೆ. ಸಂಜೆ ಉಗುಳಿದರೆ ಬೂದಿಯೇ ಬರುತ್ತದೆ. ಮೊದಲ ವಾರ ಊಟ ಸೇರುತ್ತಿರಲಿಲ್ಲ, ಈಗ ಸೇರುತ್ತದೆ.

ಯಜಮಾನ ಜೆರೋಮ್ ಕೆಟ್ಟವನೇನಲ್ಲ. ತಿಂದ ಬೆರಳು ನೆಕ್ಕಿ ಅದೇ ಬೆರಳಿನಲ್ಲಿ ಎಲ್ಲರ ಗಿಟಾರು ಮುಟ್ಟುತ್ತಾನೆ, ಅಷ್ಟೇ. ಅಣ್ಣನ ಪೆಟ್ಟಿಗೆ ನೋಡಿ ಅವನ ಕಣ್ಣು ಅರಳಿತು. ಎರಡು ವಾಲ್ವು ಸುಟ್ಟಿದ್ದವು, ಬದಲಾಯಿಸಿದ. ಈಗ ಮಾತಾಡುತ್ತಿದೆ. ಸಣ್ಣಗೆ ಇಟ್ಟರೆ ತಿಳಿ ದನಿ, ಗುಂಡಿ ಅರ್ಧ ದಾಟಿಸಿದರೆ ಗಂಟಲು ಕೆರೆಯುತ್ತದೆ, ಪೂರ್ತಿ ತಿರುಗಿಸಿದರೆ ನಿನ್ನ ಹಾಗೆ ಜಗಳಕ್ಕೆ ನಿಲ್ಲುತ್ತದೆ. ಹಳೆಯ ಪೆಟ್ಟಿಗೆಗಳೆಲ್ಲ ಹೀಗೇ ಎನ್ನುತ್ತಾನೆ ಅವನು.

ಆದರೆ ನಾನು ಅಣ್ಣನ ಕ್ಯಾಸೆಟ್ಟು ಹಾಕಿ ಕೇಳಿಸಿದೆ. ಅದರಲ್ಲಿ ಬೇರೆಯೇ ದನಿ. ಗಂಟಲು ಕಟ್ಟಿಕೊಂಡು ಮೆತ್ತಗೆ ಹೇಳುವ ಹಾಗೆ. ಜೆರೋಮ್ ದಿನವಿಡೀ ಗುಂಡಿ ತಿರುಗಿಸಿದರೂ ಆ ದನಿ ಬರಲಿಲ್ಲ. "ನಿಮ್ಮವನು ಇದಕ್ಕೆ ಏನು ಮಾಡುತ್ತಿದ್ದ, ಕೇಳು" ಎಂದು ಪ್ರಾಣ ತಿನ್ನುತ್ತಿದ್ದಾನೆ. ನಾನು ಅಣ್ಣ ನುಡಿಸುವುದನ್ನು ನೋಡಿದ್ದೆಲ್ಲ ದೂರದಿಂದ, ಜನರ ಹಿಂದಿನಿಂದ. ನಿನಗೆ ಗೊತ್ತಿರಬೇಕು. ಹೇಳಿದರೆ ಫಾತ್ನಾಳ ಮದುವೆಯಲ್ಲಿ ಅದು ಅವನ ಹಾಗೇ ಮಾತಾಡುತ್ತದೆ.

ನಿನ್ನ ಕಾಟ ತಾಳುವವನು,
ಅಮೂದ್


ತಮನ್‌ರಾಸೆತ್
25 ಏಪ್ರಿಲ್ 2006

ಕೊಳೆಗಾರ ಒಂಟೆಗೆ,

ನಗಲಿಲ್ಲ. ಅಸಹ್ಯವಾಯಿತು. ಕೊಳೆಗೂ ಕಾಸು ಕೊಡುತ್ತಾರೆಯೇ ಆ ಜನ? ಹಾಗಿದ್ದರೆ ಇಲ್ಲಿಗೆ ಬರುವ ಪ್ರವಾಸಿಗಳು ಮೂಗು ಮುಚ್ಚಿಕೊಳ್ಳುವುದೇಕೆ? ನಿನ್ನೆ ನಾನು ಕೆಲಸ ಮಾಡುವ ಪ್ರವಾಸದ ಏಜೆನ್ಸಿಯಲ್ಲಿ ಒಬ್ಬಳು ಒಂಟೆ ಬೇಕು, ಆದರೆ ನಾತ ಇರಬಾರದು ಎಂದಳು. ತೊಳೆದ ಒಂಟೆ ಫ್ರಾನ್ಸಿನಲ್ಲಿದೆ, ಅಮೂದ್ ಅಂತ ಹೆಸರು ಎಂದು ಹೇಳಬೇಕೆನ್ನಿಸಿತು.

ಅಣ್ಣ ಏನು ಮಾಡುತ್ತಿದ್ದ ಅಂದರೆ, ಪೆಟ್ಟಿಗೆಯ ಬಾಯಿ ಮುಚ್ಚುತ್ತಿದ್ದ. ಅಷ್ಟೇ ಗುಟ್ಟು.

ಅವನು ಮದುವೆಯಾಗಿ ಅತ್ತಿಗೆಯ ತವರಿನ ಬಿಡಾರದಲ್ಲಿದ್ದ ವರ್ಷ, ಅತ್ತಿಗೆಯ ತಂಗಿಯ ಮದುವೆ ಬಂತು. ಗಿಟಾರು ನುಡಿಸಲೇಬೇಕೆಂದು ಹುಡುಗರು ಹಟ ಹಿಡಿದರು. ಅವನಿಗೆ ಹೆಣ್ಣು ಕೊಟ್ಟ ಅತ್ತೆ ಕೆಲ್ಲಜ್ಜಿಯ ಗುಡಾರ ಎದುರಿಗೇ. ಹೆಣ್ಣು ಕೊಟ್ಟವಳ ಮುಂದೆ ಅಳಿಯನಾದವನು ಬಾಯಿ ತೆರೆದು ನೀರು ಕೂಡ ಕುಡಿಯುವುದಿಲ್ಲ, ಇನ್ನು ಹಾಡುವುದೆಲ್ಲಿ ಬಂತು! ಒಲ್ಲೆ ಎಂದರೆ ಮದುವೆಮನೆಗೆ ಅವಮಾನ, ನುಡಿಸಿದರೆ ಅತ್ತೆಗೆ ಅವಮಾನ. ಅವನು ಏನು ಮಾಡಿದ ಗೊತ್ತೇ? ಪೆಟ್ಟಿಗೆಯನ್ನು ಗುಡಾರದ ಕಡೆಗೆ ಬೆನ್ನು ಮಾಡಿ ಇಟ್ಟ. ಮುಖಕ್ಕೆ ಸುತ್ತುವ ತನ್ನ ಇನ್ನೊಂದು ನೀಲಿ ಮುಂಡಾಸು ತಂದು, ತನ್ನ ಬಾಯಿಗೆ ಸುತ್ತಿಕೊಂಡ ಹಾಗೇ ಅದರ ಬಾಯಿಗೂ ಸುತ್ತಿದ. ಆಮೇಲೆ ನುಡಿಸಿದ. ಆ ದನಿ ಬಂದದ್ದು ಹಾಗೆ. ಒಳಗೆ ಕೆಲ್ಲಜ್ಜಿಗೆ ಕೆಮ್ಮು. ಕೆಮ್ಮಿದರೆ ಅಳಿಯನಿಗೆ ಕೇಳುತ್ತದೆಂದು ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳಂತೆ. ನಾವು ಹುಡುಗಿಯರು ನಕ್ಕು ನಕ್ಕು ಸತ್ತೆವು.

ಆಮೇಲೆ ಕೆಲ್ಲಜ್ಜಿ ಇಲ್ಲದ ಊರಿನಲ್ಲೂ ಅವನು ಆ ಬಟ್ಟೆ ತೆಗೆಯಲಿಲ್ಲ. ಒಮ್ಮೆ ಕೇಳಿದೆ, "ಇಲ್ಲಿ ಯಾರಿದ್ದಾರೆ ಅಂತ ಮುಚ್ಚಿದ್ದೀಯ?" ಅವನು ತಂತಿ ಬಿಗಿಮಾಡುತ್ತಾ ಹೇಳಿದ, "ಅವರಿಲ್ಲದ ಕಡೆ ತೆಗೆದರೆ, ಅವರಿದ್ದ ಕಡೆ ಹಾಕಿದ್ದು ನಾಟಕ ಆಗುತ್ತೆ ಕಣೇ."

ಮುಂಡಾಸಿನ ಆ ನೀಲಿ ಬಣ್ಣ ಸ್ಪೀಕರಿನ ಮುಂದಿನ ಬಟ್ಟೆಗೂ ಇಳಿದಿದೆ, ನೋಡಿರುತ್ತೀಯ. ಮುಟ್ಟಿದರೆ ಈಗಲೂ ಕೈಗೆ ಹತ್ತುತ್ತದೆ, ಅವನ ಕೆನ್ನೆಗೆ ಹತ್ತಿದ್ದ ಹಾಗೆ. ಮುಂಡಾಸು ಅತ್ತಿಗೆಯ ಹತ್ತಿರವಿದೆ.

ನಿನ್ನ ಜೆರೋಮನಿಗೆ "ಬಟ್ಟೆ ಮುಚ್ಚಿ" ಎಂದಷ್ಟೇ ಹೇಳು. ಯಾಕೆ ಎಂದು ಹೇಳಬೇಡ. ಇದು ಮನೆಯ ಮಾತು. ಕೆಲ್ಲಜ್ಜಿಯ ನಾಚಿಕೆ ಕಂಡವರ ಬಾಯಿಗೆ ಬಿದ್ದರೆ ನಿನ್ನ ಹಲ್ಲು ಉದುರಿಸುತ್ತೇನೆ.

ತೆಹಿತ್


ಲಿಯೋನ್
20 ಮೇ 2006

ತೆಹಿತ್,

ಬೇಗ ಬರೆಯುತ್ತಿದ್ದೇನೆ, ಕೆಲಸ ಬಹಳ. ಬೇರೆ ಬಟ್ಟೆ ಮುಚ್ಚಿ ನೋಡಿದೆವು, ಸರಿಹೋಗಲಿಲ್ಲ. ಅದೇ ಮುಂಡಾಸು ಕಳಿಸು. ಅದಿಲ್ಲದೆ ರಿಪೇರಿ ಪೂರ್ತಿಯಾಗುವುದಿಲ್ಲ ಎನ್ನುತ್ತಾನೆ ಜೆರೋಮ್.

ಜೆರೋಮನಿಗೆ ಹೆಚ್ಚೇನೂ ಹೇಳಿಲ್ಲ.

ಇಲ್ಲಿ ನನ್ನದೂ ಒಂದಿಷ್ಟು ಕಚೇರಿ ಓಡಾಟವಿದೆ. ಮುಗಿದ ಮೇಲೆ ಬರೆಯುತ್ತೇನೆ.

ಅಮೂದ್


ತಮನ್‌ರಾಸೆತ್
14 ಜೂನ್ 2006

ಎಲಾ ಕಜ್ಜಿ ಒಂಟೆ!

ಒಂದು ಬೈಗುಳವೂ ಇಲ್ಲದ ಕಾಗದ! ನನಗೆ ಮೇಕೆ ಎನ್ನಲೂ ಪುರಸೊತ್ತಿಲ್ಲವೇ? ಗೊತ್ತಾಯಿತು ಬಿಡು. ಯಾವಳೋ ಸಿಕ್ಕಿದ್ದಾಳೆ. ಕಚೇರಿ ಓಡಾಟವಂತೆ! ಮದುವೆ ಕಚೇರಿ ಎಂದು ನೇರವಾಗಿ ಬರೆ. ಹಸಿರು ಬೂಷ್ಟು ಹಿಡಿದ ಚೀಸು ತಿನ್ನುವವಳೇ ಇರಬೇಕು, ಅವಳ ಬಾಯಿವಾಸನೆ ನನ್ನ ಮೂಗಿಗೆ ಇಲ್ಲಿಗೇ ಬರುತ್ತಿದೆ. ನಿನಗೆ ತಕ್ಕವಳು. ಅವಳು ಬೂಷ್ಟು ತಿನ್ನಲಿ, ನೀನು ಬೂದಿ ತಿನ್ನು. ಮದುವೆಗೆ ಕರೆದುಕೊಂಡು ಬಾ, ನಾವು ನೋಡಿ ನಗುತ್ತೇವೆ.

ಮುಂಡಾಸು ಈ ಪೊಟ್ಟಣದಲ್ಲಿದೆ. ಅತ್ತಿಗೆ ಕೊಡಲು ಒಪ್ಪಿರಲಿಲ್ಲ. ಕೊಡಿಸಿದ್ದು ಯಾರು ಗೊತ್ತೇ? ಕೆಲ್ಲಜ್ಜಿ. ಅಳಿಯನ ಬಗ್ಗೆ ಅವಳು ಬಾಯಿ ಬಿಟ್ಟಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ಕಣ್ಣಿಗೆ ಈಗ ಪೊರೆ ಪೂರ್ತಿ ಬಂದಿದೆ. ಚಾಪೆಯ ಮೇಲಿಂದಲೇ ಹೇಳಿದಳು, "ಕಳ್ಸೇ ಮಗಳೇ. ಅವರು ಬಾಯಿ ಮುಚ್ಕೊಳ್ದೇ ನನ್ನೆದುರಿಗೆ ಬರೋರಲ್ಲ." ಪೆಟ್ಟಿಗೆಯನ್ನೇ "ಅವರು" ಎಂದಳು. ಅತ್ತಿಗೆ ಎದ್ದು ಪೆಟಾರಿ ತೆರೆದಳು.

ಮುದುಕಿ ಕಾಯುತ್ತಿದ್ದಾಳೆ. ಫಾತ್ನಾ ಕಾಯುತ್ತಿದ್ದಾಳೆ. ನಾನು ಕಾಯುತ್ತಿಲ್ಲ, ಸುಮ್ಮನೆ ದಾರಿ ನೋಡುತ್ತಿದ್ದೇನೆ.

ತೆಹಿತ್


ಲಿಯೋನ್
5 ಅಕ್ಟೋಬರ್ 2006

ಪ್ರೀತಿಯ ತೆಹಿತ್,

ಇಷ್ಟು ದಿನ ಬರೆಯಲಾಗಲಿಲ್ಲ. ರಂಜಾನ್ ಎಲ್ಲರಿಗೂ ಚೆನ್ನಾಗಿ ನಡೆಯುತ್ತಿದೆಯೆಂದು ನಂಬಿದ್ದೇನೆ. ಪೆಟ್ಟಿಗೆಯನ್ನು ಊರಿಗೆ ಬರುತ್ತಿರುವವರ ಕೈಯಲ್ಲಿ ಕಳಿಸಿದ್ದೇನೆ. ಜೋಪಾನವಾಗಿ ಕಟ್ಟಿದ್ದೇನೆ. ನೋಡಲು ಒಂಚೂರು ಬೇರೆ ಅನ್ನಿಸಿದರೆ ಗಾಬರಿಯಾಗಬೇಡ, ರಿಪೇರಿಯಲ್ಲಿ ಹಾಗಾಗುತ್ತದೆ.

ಮುಂಡಾಸು ಈಗ ಬೇಕಾಗಿಲ್ಲ. ಹಿಂಬದಿಯಲ್ಲಿ ಸ್ವಿಚ್ಚಿನಂಥ ಒಂದು ಸಣ್ಣ ಗುಂಡಿ ಇದೆ. ಅದನ್ನು ಮೇಲೆ ಎತ್ತಿದರೆ ಬಟ್ಟೆ ಮುಚ್ಚಿದ ಹಾಗೇ ಕೇಳಿಸುತ್ತದೆ. ಮುಂಡಾಸನ್ನು ಮುಂದೆ ಕಳಿಸುತ್ತೇನೆ.

ನನಗೆ ಬರಲಾಗುವುದಿಲ್ಲ. ಇಲ್ಲಿ ನೆಲೆಸುವ ಪರವಾನಗಿ ಸಿಕ್ಕಿತು, ಆದರೆ ಈ ತಿಂಗಳು ಕೆಲಸ ಬಿಡುವ ಹಾಗಿಲ್ಲ. ಫಾತ್ನಾಳಿಗೆ ನನ್ನ ಆಶೀರ್ವಾದ. ಕೆಲ್ಲಜ್ಜಿಗೆ ಸಲಾಮು ಹೇಳು.

ನಿನ್ನ
ಅಮೂದ್


ತಮನ್‌ರಾಸೆತ್
18 ನವೆಂಬರ್ 2006

ಹೇಸಿಗೆಗೂ ಹೇಸಿಗೆ ತರುವವನೇ,

ಪೆಟ್ಟಿಗೆ ಬಂತು. ಮದುವೆಯ ಹಿಂದಿನ ದಿನ ಬಿಚ್ಚಿದೆವು. ಫಾತ್ನಾ ಕೈಗೆ ಮದರಂಗಿ ಹಚ್ಚಿಕೊಂಡು ಕೂತಿದ್ದವಳು ಹಾಗೇ ಎದ್ದು ಓಡಿಬಂದಳು. ನೋಡಿದರೆ ಅದೇ. ಮೂಲೆಯಲ್ಲಿ ಅಣ್ಣ ಟೀ ಲೋಟ ಇಡುತ್ತಿದ್ದ ಕಲೆ, ಅಂಚಿನಲ್ಲಿ ಒಂಟೆ ಒದ್ದ ಗಾಯ, ಮುಂದೆ ನೀಲಿ. ಅತ್ತಿಗೆ ಗೋಡೆ ಹಿಡಿದು ಅತ್ತಳು. ನಾನೂ ಅತ್ತೆ, ನಿನಗೆ ಮನಸ್ಸಿನಲ್ಲೇ ಒಳ್ಳೆಯದನ್ನು ಹಾರೈಸಿದೆ. ಆ ಹಾರೈಕೆಯನ್ನು ಈಗ ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಕೆಲ್ಲಜ್ಜಿ ಅಂಗಳದ ತನ್ನ ಗುಡಾರದೊಳಗಿಂದ ಕೇಳಿದಳು, "ಬಂದ್ರಾ?" ಒಳಗೆ ತೆಗೆದುಕೊಂಡು ಹೋಗಿ ಇಟ್ಟೆವು. ಅಳಿಯ ಬದುಕಿದ್ದಾಗ ಅವನು ಕೂತೆದ್ದ ಚಾಪೆಯನ್ನೂ ತುಳಿಯದವಳು ಅವಳು. "ಒಂದ್ಸಲ ಮುಟ್ಲಾ? ಈಗ ತಪ್ಪಿಲ್ಲ ಅಲ್ವಾ?" ಎಂದಳು. ಫಾತ್ನಾ ಅವಳ ಕೈ ಹಿಡಿದು ನೀಲಿ ಇದ್ದ ಕಡೆ ಇಟ್ಟಳು. ಮುದುಕಿ ಮೆಲ್ಲಗೆ ಸವರಿದಳು. ಅಂಗೈ ತಿರುಗಿಸಿ ಚಾಚಿದಳು.

"ಹತ್ತಿತಾ?"

"ಇಲ್ಲ ಅಜ್ಜಿ."

"ಉಗುಳು ಹಚ್ಚಿ ತಿಕ್ತೀನಿ ತಾಳು." ತಿಕ್ಕಿದಳು. "ಈಗ?"

"ಇಲ್ಲ ಅಜ್ಜಿ."

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು, ಸತ್ತದ್ದೇನೋ ಮುಟ್ಟಿದವಳ ಹಾಗೆ. ಸೆರಗು ಮುಖದ ಮೇಲೆ ಎಳೆದುಕೊಂಡಳು. "ಇವರು ನನ್ನ ಅಳಿಯ ಅಲ್ಲ. ಯಾರನ್ನ ತಂದು ನನ್ನ ಗುಡಾರದಲ್ಲಿ ಕೂರ್ಸಿದ್ದೀರಿ? ಆಚೆ ಹಾಕಿ!"

ಆಗ ನಾನು ಬಗ್ಗಿ ಮೂಸಿದೆ. ಅರಗಿನೆಣ್ಣೆ. ಬೂದಿ. ಟೀ ಅಲ್ಲ, ಟೀ ಬಣ್ಣ. ಒಂಟೆ ಒದ್ದ ಗಾಯದಲ್ಲಿ ಸರಪಳಿಯ ಕೊಂಡಿಯ ಗುರುತು. ಈ ಕೆಲಸ ಯಾರದೆಂದು ನೀನೇ ಏಪ್ರಿಲ್ಲಿನಲ್ಲಿ ಬರೆದು ತಿಳಿಸಿದ್ದೀಯಲ್ಲ! ಥೂ ನಿನ್ನ ಜನ್ಮಕ್ಕೆ! ನನ್ನ ಅಣ್ಣನ ಕೊಳೆಯನ್ನು ನೀನು ಕೂತು, ನೆನಪಿಸಿಕೊಂಡು, ಕುಂಚದಲ್ಲಿ ಬರೆದೆ. ಲೋಟದ ಕಲೆ ಎಲ್ಲಿತ್ತೆಂದು ನೆನಪಿತ್ತು ನಿನಗೆ, ನಮ್ಮ ಮುಖ ನೆನಪಾಗಲಿಲ್ಲ. ಅದನ್ನು ನೆನೆದರೆ ನನಗೆ ಉಣ್ಣಲಾಗುತ್ತಿಲ್ಲ.

ಮದುವೆಯ ದಿನ ಹುಡುಗರು ಗಿಟಾರಿನಿಂದ ಅದಕ್ಕೆ ತಂತಿ ಸಿಕ್ಕಿಸಿಯೇಬಿಟ್ಟರು. ನಿನ್ನ ಹಿಂಬದಿಯ ಗುಂಡಿಯನ್ನೂ ಎತ್ತಿದರು. ದನಿ ಬಂತು, ಒಪ್ಪುತ್ತೇನೆ, ಬಹಳ ಹತ್ತಿರದ ದನಿ. ಅದಕ್ಕೇ ಇನ್ನೂ ಅಸಹ್ಯ. ಮದುಮಗಳು ತಾನೇ ಎದ್ದು ಬಂದು ತಂತಿ ಕಿತ್ತಳು. "ಯಾರೋ ಅಪ್ಪನ ದನಿ ಹಾಕ್ಕೊಂಡು ಮಾತಾಡ್ತಿದ್ದಾರೆ, ನಿಲ್ಸಿ," ಎಂದಳು. ಹೆಂಗಸರು ಒರಳಿಗೆ ಚರ್ಮ ಬಿಗಿದು ಬಡಿದು ಹಾಡಿದರು. ಗಿಟಾರು ಇಲ್ಲದೆ ಮದುವೆ ಮುಗಿಯಿತು. ಪೆಟ್ಟಿಗೆ ಈಗ ಆಡುಗಳ ದೊಡ್ಡಿಯಲ್ಲಿದೆ. ಚಪ್ಪಲಿಯನ್ನೂ ಬಿಡದ ನಮ್ಮ ಕಪ್ಪು ಮೇಕೆ ಅದನ್ನು ಮೂಸಿ ಬಿಟ್ಟುಹೋಯಿತು.

ನಮ್ಮದು ಎಲ್ಲಿದೆ? ಮುಂಡಾಸು ಎಲ್ಲಿದೆ? ಆ ಹಿಂಬದಿಯ ಗುಂಡಿಯ ಕೆಳಗೆ ಏನೋ ಅಕ್ಷರ ಇದ್ದದ್ದನ್ನು ಕೆರೆದಿದ್ದೀಯ, ಅದೇನು? ನೇರವಾಗಿ ಬರೆ, ಕಜ್ಜಿ ಒಂಟೆ. ನಾನು ಇನ್ನೂ ಬೈಯುತ್ತಿದ್ದೇನೆ, ನೋಡಿಕೋ.

ತೆಹಿತ್


ಲಿಯೋನ್
6 ಡಿಸೆಂಬರ್ 2006

ತೆಹಿತ್,

ಬೈಯಿ, ನಿನಗೆ ಹಕ್ಕಿದೆ. ಆದರೆ ಪೂರ್ತಿ ಕೇಳು.

ಪೆಟ್ಟಿಗೆ ಅಂಗಡಿಯ ಗಾಜಿನ ಬೀರುವಿನಲ್ಲಿದೆ, ಮುಂಡಾಸೂ ಅದರ ಮೇಲೇ ಇದೆ. ಮರಳಿಲ್ಲ, ಇಲಿಯಿಲ್ಲ, ಅಲ್ಲಿಗಿಂತ ಜೋಪಾನವಾಗಿದೆ. ಜೆರೋಮ್ ಅದನ್ನು ಇಟ್ಟುಕೊಳ್ಳಬೇಕೆಂದ. ನನಗೆ ಪರವಾನಗಿ ಸಿಗಬೇಕಾದರೆ ಅವನು ಕೆಲಸದ ಪತ್ರ ಬರೆದುಕೊಡಬೇಕಿತ್ತು. ಎರಡೂ ಒಂದೇ ದಿನ, ಒಂದೇ ಮೇಜಿನ ಮೇಲೆ ಆಯಿತು. ಪರವಾನಗಿ ಇಲ್ಲದೆ ಇಲ್ಲಿ ಹೇಗಿರುತ್ತದೆ ಎಂದು ನಿನಗೆ ತಿಳಿಯದು. ಪೊಲೀಸರನ್ನು ಕಂಡರೆ ರಸ್ತೆ ದಾಟಬೇಕು, ಹಲ್ಲು ನೋವಾದರೆ ಸಹಿಸಿಕೊಂಡಿರಬೇಕು. ಅಣ್ಣ ಇದ್ದಿದ್ದರೆ "ತಗೊಂಡು ಹೋಗು" ಎನ್ನುತ್ತಿದ್ದ, ಅವನ ಕೈ ದೊಡ್ಡದು.

ನಿಮಗೆ ಬರಿಗೈ ಆಗಬಾರದೆಂದೇ ಆ ಇನ್ನೊಂದನ್ನು ಅಷ್ಟು ಶ್ರದ್ಧೆಯಿಂದ ಮಾಡಿದೆ. ಊಟ ಬಿಟ್ಟು ಮಾಡಿದೆ. ಯಾರಿಗೂ ಗೊತ್ತಾಗುವುದಿಲ್ಲ, ಫಾತ್ನಾ ಸಂತೋಷಪಡುತ್ತಾಳೆ ಅಂದುಕೊಂಡೆ. ನೀಲಿಯ ಮೇಲೂ ಅರಗು ಹಚ್ಚಿದ್ದು ಅಭ್ಯಾಸಬಲ, ಅದಕ್ಕೇ ಅದು ಕೈಗೆ ಹತ್ತಲಿಲ್ಲ.

ಕೆರೆದ ಅಕ್ಷರ ಏನೂ ಅಲ್ಲ. ಕಂಪನಿಯ ನಂಬರು.

ಅಮೂದ್


ತಮನ್‌ರಾಸೆತ್
20 ಜನವರಿ 2007

ಶ್ರೀಯುತ ಅಮೂದ್ ಅವರಿಗೆ,

ಸಲಾಮು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಆರೋಗ್ಯ, ತಮ್ಮ ಕೆಲಸ, ತಮ್ಮ ಕೆಮ್ಮು ಎಲ್ಲವೂ ಹೇಗಿವೆ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

ಹೋದ ವಾರ ನಮ್ಮ ಏಜೆನ್ಸಿಗೆ ತಮ್ಮ ಕಡೆಯ ಒಬ್ಬ ಪ್ರವಾಸಿ ಬಂದಿದ್ದರು. ಅಸೆಕ್ರೆಮ್ ಬೆಟ್ಟಕ್ಕೆ ಹೋಗಲು ಒಂಟೆ ಕೇಳಿದರು. ಗಿಟಾರು ಹವ್ಯಾಸವಂತೆ. ಚೀಲದಿಂದ ತಮ್ಮ ಅಂಗಡಿಯ ಹೊಸ ಪೆಟ್ಟಿಗೆಯ ಬಣ್ಣದ ಕರಪತ್ರ ತೆಗೆದು, "ಇದು ನಿಮ್ಮೂರಿನದೇ ಅಂತೆ! ಅತ್ತೆಗೆ ಹೆದ್ರಿ ಬಟ್ಟೆ ಮುಚ್ತಿದ್ನಂತಲ್ಲ, ನಿಜವಾ?" ಎಂದು ಕೇಳಿ ತೊಡೆ ತಟ್ಟಿಕೊಂಡು ನಕ್ಕರು.

ಕರಪತ್ರ ಓದಿದೆ. ಮಣ್ಣಾದವನ ಯಾವ ಹೆಸರನ್ನು ಅವನ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಾನೂ, ಅವನ ಹೆಂಡತಿಯೂ, ಮಗಳೂ ಸತ್ತವರ ಹೆಸರು ಎತ್ತಬಾರದೆಂದು ಅವನು ಹೋದ ದಿನದಿಂದ ಬಾಯಿಗೆ ತಂದಿಲ್ಲವೋ, ಆ ಹೆಸರು ಆ ಪೆಟ್ಟಿಗೆಯ ಹೆಸರಾಗಿ ದಪ್ಪ ಅಕ್ಷರದಲ್ಲಿದೆ. ಹಿಂಬದಿಯ ಗುಂಡಿಯ ಕೆಳಗೆ ತಾವು ಕೆರೆದದ್ದು ನಂಬರಲ್ಲವೆಂದೂ ತಿಳಿಯಿತು. "ಅತ್ತೆ" ಎಂದು ಬರೆದಿದೆ. ಪಕ್ಕದಲ್ಲಿ ಕೆಕ್ಕರಿಸಿ ನೋಡುವ ಒಬ್ಬ ಮುದುಕಿಯ ಚಿತ್ರ. ಗುಂಡಿ ಎತ್ತಿದರೆ ಅತ್ತೆ ಬಂದಳು, ಇಳಿಸಿದರೆ ಅತ್ತೆ ಹೋದಳು ಎಂದು ತಮಾಷೆ ಮಾಡಿದ್ದಾರೆ. ಅಣ್ಣ ಏನು ಹೇಳಿದ್ದನೆಂದು ತಮಗೆ ಬರೆದಿದ್ದೆ. ಅವರಿಲ್ಲದ ಕಡೆ ತೆಗೆದರೆ ನಾಟಕವಾಗುತ್ತದೆ ಎಂದಿದ್ದ. ಈಗ ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಲು ಗುಂಡಿಯೇ ಆಯಿತು.

ನಾನು ಆ ಪ್ರವಾಸಿಗೆ ಒಂಟೆಯ ವ್ಯವಸ್ಥೆ ಮಾಡಿಕೊಟ್ಟು, ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ಇಂಥದ್ದನ್ನೆಲ್ಲ ತಮ್ಮಂಥವರಿಗೆ ಬರೆಯಬಾರದು, ಕ್ಷಮಿಸಿ.

ಕೆಲ್ಲಜ್ಜಿಗೆ ಏನೂ ಹೇಳಿಲ್ಲ. ಅವರು ಆರೋಗ್ಯವಾಗಿದ್ದಾರೆ. ತಮಗೆ ಒಳ್ಳೆಯದಾಗಲಿ.

ಇಂತಿ ನಮಸ್ಕಾರಗಳೊಂದಿಗೆ,
ತೆಹಿತ್


ಲಿಯೋನ್
11 ಫೆಬ್ರವರಿ 2007

ತೆಹಿತ್, ಕೆಮ್ಮುವ ಮೇಕೆ, ಬೊಚ್ಚು ಮೇಕೆ, ನನ್ನ ಮಾವನ ಮಗಳೇ,

ಹೀಗೆ ಬರೆಯಬೇಡ. ಕೈ ಮುಗಿಯುತ್ತೇನೆ. "ಶ್ರೀಯುತ" ಎಂದು ಓದಿದ ಕೂಡಲೇ ಬಾವಿಯ ಜಗಳದ ಆ ಇಬ್ಬರು ಮುದುಕರು ಕಣ್ಣೆದುರು ಬಂದರು. ಕಾಗದ ಕೆಳಗಿಟ್ಟು ಹೊರಗೆ ಹೋದೆ, ಮತ್ತೆ ಬಂದು ಓದಿದೆ, ಒಂದು ಬೈಗುಳವಾದರೂ ಎಲ್ಲೋ ಮೂಲೆಯಲ್ಲಿ ಇದ್ದೀತೆಂದು. ಇರಲಿಲ್ಲ.

ಜೆರೋಮನಿಗೆ ಕಥೆ ಹೇಳಿದ್ದು ನಾನೇ. ಒಂದು ಸಂಜೆ ಎಲ್ಲರೂ ಕೂತಿದ್ದರು, ನಗಿಸೋಣ ಅನ್ನಿಸಿತು. ಇಲ್ಲಿ ನನ್ನ ಮಾತಿಗೆ ಯಾರೂ ನಗುವುದಿಲ್ಲ ತೆಹಿತ್, ಅವತ್ತು ನಕ್ಕರು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಹಾಗಾಯಿತು. ಮರುವಾರ ಗುಂಡಿಯ ಹೆಸರು ಬಂತು. ಬೇಡ ಎನ್ನಲು ನನಗೆ ಆಗ ಪರವಾನಗಿ ಬಂದಿರಲಿಲ್ಲ, ಬಂದ ಮೇಲೆ ಬಾಯಿ ಬರಲಿಲ್ಲ.

ಗಾಜಿನ ಬೀರು ಒರೆಸಲು ತೆಗೆದಿದ್ದಾಗ ಮುಂಡಾಸು ಎತ್ತಿಕೊಂಡೆ. ಅದರ ಜಾಗದಲ್ಲಿ ಅಂಗಡಿಯ ನೀಲಿ ಬಟ್ಟೆ ಇಟ್ಟೆ. ಜೆರೋಮ್ ದಿನಾ ಅದರ ಮುಂದೆ ನಿಂತು ಬಂದವರಿಗೆ ತೋರಿಸುತ್ತಾನೆ, ಇನ್ನೂ ಗೊತ್ತಾಗಿಲ್ಲ. ಈ ಪೊಟ್ಟಣದಲ್ಲಿ ಅದಿದೆ. ಕಳಿಸುವ ಮೊದಲು ನನ್ನ ಅಂಗೈಗೆ ಒತ್ತಿಕೊಂಡೆ. ಸೋಪು ಹಾಕಿ ತೊಳೆದರೂ ನೀಲಿ ಹೋಗಿಲ್ಲ.

ಪೆಟ್ಟಿಗೆಯನ್ನು ಮಾತ್ರ ಎತ್ತಿಕೊಂಡು ಬರುವುದು ನನ್ನಿಂದಾಗದು. ತಂದರೆ ಇಲ್ಲಿ ಮತ್ತೆ ಕಾಲಿಡುವ ಹಾಗಿಲ್ಲ.

ಬೈಯಿ. ಒಂದೇ ಒಂದು. ಕಜ್ಜಿ ಒಂಟೆ ಎಂದಷ್ಟೇ ಬರೆದು ಕಳಿಸು, ಬೇರೇನೂ ಬೇಡ.

ನಿನ್ನ ಅತ್ತೆಯ ಮಗ,
ಅಮೂದ್


ತಮನ್‌ರಾಸೆತ್
9 ಮಾರ್ಚ್ 2007

ಶ್ರೀಯುತ ಅಮೂದ್ ಅವರಿಗೆ,

ತಮ್ಮ ಕಾಗದವೂ ಪೊಟ್ಟಣವೂ ತಲುಪಿದವು. ವಂದನೆಗಳು.

ಮುಂಡಾಸನ್ನು ಕೆಲ್ಲಜ್ಜಿಯ ತೊಡೆಯ ಮೇಲೆ ಇಟ್ಟೆ. ಏನೆಂದು ಹೇಳಲಿಲ್ಲ. ಅವರು ಎರಡೂ ಕೈಯಲ್ಲಿ ಹಿಡಿದು ಸವರಿ, ಅಂಗೈ ನನ್ನ ಕಡೆ ಚಾಚಿ, "ನೋಡು" ಎಂದರು. ಹತ್ತಿತ್ತು. ಬೆರಳ ಸಂದಿಯವರೆಗೂ ಹತ್ತಿತ್ತು. "ಹೂಂ ಅಜ್ಜಿ, ಹತ್ತಿದೆ" ಎಂದೆ. ಅವರು ಕೂಡಲೇ ಸೆರಗು ಮುಖಕ್ಕೆ ಎಳೆದುಕೊಂಡು, ತಲೆ ತಗ್ಗಿಸಿ, ಅಳಿಯ ಬಂದಾಗ ಮಾಡುತ್ತಿದ್ದ ಹಾಗೇ ಹಿಂದೆ ಹಿಂದೆ ಸರಿಯುತ್ತಾ ಗುಡಾರದಿಂದ ಹೊರಗೆ ಹೋದರು. ಹೊರಗೆ ಬಿಸಿಲಿನಲ್ಲಿ ಬಹಳ ಹೊತ್ತು ನಿಂತಿದ್ದರು. ಫಾತ್ನಾ ಹೋಗಿ ಕರೆದಳು. "ಅವರು ಒಬ್ಬರೇ ಬಂದಿದ್ದಾರಾ? ಅವರ ಪೆಟ್ಟಿಗೆ ಎಲ್ಲಿ?" ಎಂದು ಕೇಳಿದರಂತೆ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಾವಾದ್ದರಿಂದ ತಿಳಿಸುತ್ತಿದ್ದೇನೆ.

ತಾವು ಒಂದು ಬೈಗುಳ ಕೇಳಿದ್ದೀರಿ. ಪರರನ್ನು ಬೈಯುವ ವಾಡಿಕೆ ನಮ್ಮ ಮನೆಯಲ್ಲಿಲ್ಲ. ಆದರೂ ಒಂದನ್ನು ಎತ್ತಿಟ್ಟಿದ್ದೇನೆ, ಚೆನ್ನಾಗಿದೆ, ಹಿಂದೆ ಯಾರಿಗೂ ಬಳಸಿಲ್ಲ. ತಾವು ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಈ ಓಣಿಗೆ ತಿರುಗಿದ ದಿನ, ಇಡೀ ತಹಗ್ಗಾರ್ತಿಗೆ ಕೇಳುವ ಹಾಗೆ ಕೂಗಿ ಕೊಡುತ್ತೇನೆ.

ಅಲ್ಲಿಯವರೆಗೆ ತಾವು ಕ್ಷೇಮವಾಗಿರಿ.

ಇಂತಿ ಗೌರವಪೂರ್ವಕ,
ತೆಹಿತ್